ಅಮ್ಮಂದಿರ ಮಠದ ಬರಿಗಲ್ಲು

ಸೊರ್ವಾಲಿಗೆ ಬಂದು ಆನ್ಸೆಲ್ಮ್ ಬೊನ್ವಾಲೊ ಮೇಸ್ತ್ರಿಯ ಮನೆ ಎಲ್ಲಿ ಎಂದು ಕೇಳಿ ನೋಡಿ. ಯಾರೂ ನೇರವಾಗಿ ಮನೆ ತೋರಿಸುವುದಿಲ್ಲ. ಮೊದಲು ಕೈಹಿಡಿದು ಕನ್ಯಾಮಠದ ಊಟದ ಸಾಲೆಗೆ ಎಳೆದುಕೊಂಡು ಹೋಗುತ್ತಾರೆ. ನಲವತ್ತು ಹೆಜ್ಜೆ ಉದ್ದ, ಆರು ಕಿಟಕಿ, ನೆಲದಿಂದ ಕಮಾನಿನವರೆಗೆ ಬರಿಗಲ್ಲು. ಜೇನಿನ ಬಣ್ಣದ ಕಲ್ಲು, ಒಂದೊಂದನ್ನೂ ಎಣಿಸಬಹುದು. "ನೋಡಿ, ಎಂಟುನೂರು ವರ್ಷದ ಹಿಂದೆ ಅಮ್ಮಂದಿರು ಇದನ್ನೇ ನೋಡ್ಕೊಂಡು ಊಟ ಮಾಡ್ತಿದ್ರು. ನಮ್ಮ ಆನ್ಸೆಲ್ಮ ತೆಗೆದುಕೊಟ್ಟ ಗೋಡೆ!" ಎಂದು ಎದೆಯುಬ್ಬಿಸಿ ಹೇಳುತ್ತಾರೆ, ಮಠ ಕಟ್ಟಿದ್ದೇ ತಮ್ಮ ಮುತ್ತಜ್ಜ ಎಂಬಂತೆ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಆ ಗೋಡೆಯ ಹಳೇ ಗಾರೆ ಕಿತ್ತು ಕಲ್ಲನ್ನು ಹೊರಗೆ ತಂದವನು ಆನ್ಸೆಲ್ಮ. ಆಗ ಅವನಿಗೆ ಇಪ್ಪತ್ತೈದು, ಸ್ವಂತವಾಗಿ ಹಿಡಿದ ಮೊದಲ ಕೆಲಸ. ಅದು ಇಡೀ ಫ್ರಾನ್ಸಿಗೆ ಗಾರೆ ಕೀಳುವ ಹುಚ್ಚು ಹಿಡಿದಿದ್ದ ಕಾಲ. ಕಲ್ಲು ಕಾಣಿಸದ ಮನೆ ಮನೆಯೇ ಅಲ್ಲ. ಗಾರೆ ಅಂದರೆ ಮೋಸ, ಕಲ್ಲು ಅಂದರೆ ಸತ್ಯ. ಅಜ್ಜಂದಿರು ಚಳಿಗೆ ಮಳೆಗೆ ಹೆದರಿ ಮೆತ್ತಿದ್ದನ್ನೆಲ್ಲ ಮೊಮ್ಮಕ್ಕಳು ಕೆದಕಿ ಉದುರಿಸಿ, ಚಳಿಗಾಲ ಬಂದಾಗ ಗಡಗಡ ನಡುಗುತ್ತ "ಎಷ್ಟು ಚೆಂದ, ಅಲ್ವಾ?" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಊಟದ ಸಾಲೆಯನ್ನು ನೋಡಿ ಬಂದವರೆಲ್ಲ ಆನ್ಸೆಲ್ಮನನ್ನೇ ಕರೆದರು. ನಲವತ್ತು ವರ್ಷ ಈ ಕಣಿವೆಯಲ್ಲಿ ಅವನ ಸುತ್ತಿಗೆಗೆ ಬಿಡುವೇ ಇರಲಿಲ್ಲ. ಹಂದಿಗೂಡುಗಳನ್ನೂ ಜನ ಬಿಡಲಿಲ್ಲ.

ಅಮ್ಮಂದಿರು ಅಂದರೆ ಮಠದ ಸನ್ಯಾಸಿನಿಯರು. ಕೊನೆಯವರು ಹೊರಟುಹೋಗಿ ಇನ್ನೂರ ಮೂವತ್ತು ವರ್ಷ ಕಳೆದರೂ ನಮ್ಮೂರಿನ ಬಾಯಲ್ಲಿ ಅವರು ಅಮ್ಮಂದಿರೇ, ಮೊನ್ನೆ ಮೊನ್ನೆ ಹಾಲು ಕೊಂಡುಹೋದವರ ಹಾಗೆ. ಅವರ ಬಗ್ಗೆ ಜಂಬಪಡುವುದರಲ್ಲಿ ತಪ್ಪೂ ಇಲ್ಲ ಬಿಡಿ. ಅಲಿಕ್ಸ್ ಎಂಬ ವಿಧವೆ ದೊರೆಸಾನಿ ಅವರಿಗೆ ದಾನ ಕೊಟ್ಟದ್ದು ಕಪ್ಪೆ ವಟಗುಟ್ಟುವ ಜೌಗು, ಗಂಡಸರ ಮಠದವರು ಬೇಡವೆಂದು ಮೂಗು ಮುರಿದ ಜಾಗ. ಹನ್ನೆರಡು ಜನ ಹೆಂಗಸರು ಬಂದು ಮೊಣಕಾಲುದ್ದ ಕೆಸರಲ್ಲಿ ನಿಂತು ಕಾಲುವೆ ತೋಡಿದರು. ಆ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಊರಿನವರು ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ ಕೊಳವೆ ಮೂರು ಸಲ ಒಡೆದಿದೆ. ಸ್ವೀಡನ್ನಿನ ದಂಡು ಬಂದು ಬೆಂಕಿಯಿಟ್ಟು ಹೋದಾಗ ಬದುಕುಳಿದವರು ನಾಲ್ವರು. ಅವರು ಬೂದಿಯ ಮೇಲೇ ಚಪ್ಪರ ಹಾಕಿಕೊಂಡು, ಬೆಳಗಿನ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸದೆ, ಇಪ್ಪತ್ತು ವರ್ಷದಲ್ಲಿ ಮಠದ ಛಾವಣಿಯನ್ನು ಮತ್ತೆ ಎಬ್ಬಿಸಿದರು. ಕೊನೆಗೆ ಕ್ರಾಂತಿ ಬಂತು, ಸರ್ಕಾರ ಮಠವನ್ನು ಹರಾಜು ಹಾಕಿತು. ಒಂಬತ್ತು ಜನ ಮುದುಕಿಯರು ಒಂದೊಂದು ಗಂಟು ಹಿಡಿದು ಹೊರಗೆ ನಡೆದರು. ಹೋಗುವ ಮುಂಚೆ ನೆಲ ಗುಡಿಸಿಟ್ಟಿದ್ದರಂತೆ. ಎಂಥ ಹೆಂಗಸರು!

ಅವರ ಹಿಂದೆ ಬಂದದ್ದು ಹಸುಗಳು. ಇಗರ್ಜಿ ಕೊಟ್ಟಿಗೆಯಾಯಿತು, ನೆಲಮಾಳಿಗೆಯಲ್ಲಿ ಚೀಸು ಹಣ್ಣಾಗತೊಡಗಿತು. ಮಹಡಿಯ ಮೇಲೆ ಅಮ್ಮಂದಿರೆಲ್ಲ ಸಾಲಾಗಿ ಮಲಗುತ್ತಿದ್ದ ಉದ್ದನೆಯ ಕೋಣೆ ಇದೆಯಲ್ಲ, ಆ ಮಲಗುವ ಸಾಲೆಯಲ್ಲಿ ನೂರೈವತ್ತು ವರ್ಷ ಕಮಾನು ಮುಟ್ಟುವಷ್ಟು ಹುಲ್ಲು ತುಂಬಿಟ್ಟಿದ್ದರು.

ಈಗ ಮಠ ಊರಿನದು. ನೋಡಿಕೊಳ್ಳಲು ಒಂದು ಸಂಘ ಇದೆ. ಸಂಘ ಅಂದರೆ ರೆನೊದೊ ಮೇಷ್ಟ್ರು. ಅಧ್ಯಕ್ಷರೂ ಅವರೇ, ಗೈಡೂ ಅವರೇ, ಬೀಗದ ಕೈ ಇರುವುದೂ ಅವರ ಜೇಬಿನಲ್ಲೇ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಬರೆದ ಕೈಪಿಡಿ ಮೂರು ಸಲ ಅಚ್ಚಾಗಿದೆ. ಅದರ ನಾಲ್ಕನೇ ಪುಟ ಅವರಿಗೆ ಬಾಯಿಪಾಠ: "ಸಿಸ್ಟರ್ಸಿಯನ್ ಪಂಥದ ಈ ತಾಯಂದಿರು ಬಡತನವನ್ನು ವ್ರತವಾಗಿ ಹಿಡಿದವರು. ಬಣ್ಣವಿಲ್ಲ, ಗಾರೆಯಿಲ್ಲ, ಬರಿಯ ಕಲ್ಲು ಮತ್ತು ಬೆಳಕು. ಊಟದ ಸಾಲೆಯ ಗಾರೆಯನ್ನು ತೆಗೆದ ಶ್ರೀ ಬೊನ್ವಾಲೊ ಅವರೇ ತಿಳಿಸಿರುವಂತೆ, ಅದರಡಿ ಬಣ್ಣದ ಕುರುಹು ಎಲ್ಲಿಯೂ ಇರಲಿಲ್ಲ."

ಮಠಕ್ಕೆ ಎಂಟುನೂರು ತುಂಬಿದ ವರ್ಷ ಸಂಘದವರು ಒಂದು ತೀರ್ಮಾನ ಮಾಡಿದರು. ಮಲಗುವ ಸಾಲೆಯನ್ನೂ ಊಟದ ಸಾಲೆಯ ಹಾಗೆ ಬರಿಗಲ್ಲು ಮಾಡಿಬಿಡುವುದು. ರೈತರು ಹಸುವಿನ ಕಾಲದಲ್ಲಿ ಬಳಿದ ಸುಣ್ಣ, ಅದರ ಕೆಳಗಿನ ಗಾರೆ, ಎಲ್ಲ ಕಿತ್ತೆಸೆಯುವುದು. ಶನಿವಾರ ಬೆಳಗ್ಗೆ ಮೂವತ್ತು ಜನ ಸುತ್ತಿಗೆ, ಉಳಿ ಹಿಡಿದು ಬರುತ್ತಾರೆ. ಹೇಳಲು ಮೇಷ್ಟ್ರು ತಾವೇ ಆನ್ಸೆಲ್ಮನ ಹಿತ್ತಲಿಗೆ ಬಂದರು.

"ಮೊದಲ ಏಟು ನಿಮ್ಮದೇ. ಆಗಲ್ಲ ಅನ್ನೋ ಹಾಗೇ ಇಲ್ಲ."

"ಭುಜದಲ್ಲಿ ಎರಡು ಸ್ಕ್ರೂ ಹಾಕಿದಾರೆ ಮೇಷ್ಟ್ರೇ. ಎತ್ತಿದರೆ ಕಿರ್ರ್ ಅನ್ನತ್ತೆ."

"ಒಂದೇ ಏಟು ಸಾಕು ಕಣ್ರೀ, ಫೋಟೋಗೆ. ಮಿಕ್ಕಿದ್ದನ್ನ ನಾವು ನೋಡ್ಕೋತೀವಿ. ನೀವಿಲ್ಲದೆ ಅಮ್ಮಂದಿರ ಗೋಡೆಗೆ ಕೈ ಹಾಕೋಕೆ ಆಗತ್ತಾ?"

ಮೂವತ್ತು ವರ್ಷದಿಂದ ಇಬ್ಬರೂ ಭಾನುವಾರ ಭಾನುವಾರ ಕೂತು ಇಸ್ಪೀಟು ಆಡುತ್ತಾರೆ, ಆದರೂ ಒಬ್ಬರನ್ನೊಬ್ಬರು "ನೀವು" ಎನ್ನುವುದನ್ನು ಬಿಟ್ಟಿಲ್ಲ. ಆನ್ಸೆಲ್ಮ ಒಪ್ಪಿದ. ಖುಷಿಯೂ ಆಯಿತು, ಇಲ್ಲವೆಂದರೆ ಸುಳ್ಳು. ಎಪ್ಪತ್ತೈದಾದ ಮೇಲೆ ಯಾರು ಕರೆದು ಸುತ್ತಿಗೆ ಕೈಗೆ ಕೊಡುತ್ತಾರೆ?

ಗುರುವಾರ ಬೆಳಗ್ಗೆ ಮೇಷ್ಟ್ರ ಹತ್ತಿರ ಬೀಗದ ಕೈ ಇಸಕೊಂಡು ಒಬ್ಬನೇ ಮಹಡಿ ಹತ್ತಿದ. ಗಾರೆ ಕೀಳುವ ಮುಂಚೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವನ ಅಭ್ಯಾಸ. ಗಾರೆ ಕಲ್ಲಿನಿಂದ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ, ಅಲ್ಲಿಂದ ಶುರು ಮಾಡಿದರೆ ಕೆಲಸ ಹಗುರ. ಬಾಗಿಲ ಪಕ್ಕದಿಂದ ತಟ್ಟುತ್ತ ಹೊರಟ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಎಲ್ಲಿಯೂ ಟೊಳ್ಳಿಲ್ಲ! ಎಂಟುನೂರು ವರ್ಷ, ಬೆಂಕಿ, ಹುಲ್ಲಿನ ಭಾರ, ಇಲಿಗಳ ಸಂಸಾರ, ಎಲ್ಲ ಕಂಡ ಗಾರೆ ಮೈಗೆ ಚರ್ಮದ ಹಾಗೆ ಕಚ್ಚಿಕೊಂಡಿದೆ. ಆನ್ಸೆಲ್ಮ ತಾನು ಹಚ್ಚಿದ ಗಾರೆಗಳನ್ನು ನೆನೆಸಿಕೊಂಡ. ಇಪ್ಪತ್ತು ವರ್ಷ ನಿಂತರೆ ದೊಡ್ಡದು.

"ಎಂಥಾ ಕೈಯಪ್ಪ ಇವರದು!" ಎಂದು ಗೋಡೆಗೇ ಹೇಳಿದ. ಅವನು ಬೇರೆ ಯಾವ ಮೇಸ್ತ್ರಿಯನ್ನೂ ಹೊಗಳಿದ್ದನ್ನು ನಮ್ಮೂರಲ್ಲಿ ಕೇಳಿದವರಿಲ್ಲ.

ಕೊನೆಯ ಮೂಲೆಯಲ್ಲಿ, ಹುಲ್ಲಿನ ಹೊರೆ ಉಜ್ಜಿ ಉಜ್ಜಿ ರೈತರ ಸುಣ್ಣ ಚಕ್ಕೆಯೆದ್ದಿತ್ತು. ಆ ಚಕ್ಕೆಯ ಅಂಚಿನಲ್ಲಿ ಒಂದು ಕೆಂಪು ಗೆರೆ. ಹುಲ್ಲುಕಡ್ಡಿಯಷ್ಟು ಸಪೂರ.

ಆನ್ಸೆಲ್ಮ ಜೇಬಿನಿಂದ ಚಾಕು ತೆಗೆದು ಅದರ ಬೆನ್ನಿನಿಂದ ಮೆಲ್ಲಗೆ ಸುಣ್ಣ ಎಬ್ಬಿಸಿದ. ಬಟಾಣಿ ಸಿಪ್ಪೆಯ ಹಾಗೆ ಎದ್ದು ಬಂತು. ಅದರಡಿ ಮೊಟ್ಟೆಯ ಹಾಗೆ ನುಣ್ಣನೆ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಗೆರೆಗಳು, ಅಡ್ಡಕ್ಕೊಂದು, ಉದ್ದಕ್ಕೊಂದು. ಕಲ್ಲುಗಳ ಚಿತ್ರ! ಹೊಲದಿಂದ ಆಯ್ದು ತಂದ ಅಡ್ಡಾದಿಡ್ಡಿ ಕಲ್ಲಿನಿಂದ ಗೋಡೆ ಕಟ್ಟಿ, ಅದಕ್ಕೆ ಗಾರೆ ಮೆತ್ತಿ, ಗಾರೆಯ ಮೇಲೆ ಚೊಕ್ಕವಾಗಿ ಕಡೆದ ಕಲ್ಲಿನ ಸಾಲು ಬರೆದುಕೊಂಡಿದ್ದರು ಆ ಹೆಂಗಸರು. ಮಠದಲ್ಲಿ ಚಿತ್ರ ಬರೆಯಬಾರದು ಎಂದು ಅವರ ಪಂಥದ ಹಿರಿಯರ ಕಟ್ಟಪ್ಪಣೆ. ಕಲ್ಲಿಗೆ ಕಲ್ಲಿನ ಗೆರೆ ಎಳೆದರೆ ಅದನ್ನು ಚಿತ್ರ ಎಂದು ಯಾರು ದೂರು ಕೊಟ್ಟಾರು? ಜಾಣೆಯರು. ಆನ್ಸೆಲ್ಮ ಇನ್ನೂ ಒಂದು ಅಂಗೈ ಅಗಲ ಬಿಡಿಸಿದ. ಒಂದು ಗೆರೆ ಚೌಕದ ನಡುವೆ ಒಂದು ಹೂವು ಇತ್ತು. ಐದು ಎಸಳು, ನಡುವೆ ಒಂದು ಚುಕ್ಕಿ. ನೆಲದಿಂದ ಎರಡು ಮೊಳ ಎತ್ತರದಲ್ಲಿ, ಮಲಗಿದವಳ ಕಣ್ಣಿಗೆ ಬೀಳುವ ಹಾಗೆ. ಅದಕ್ಕೆ ಮಾತ್ರ ಯಾವ ನೆಪವೂ ಇಲ್ಲ, ಹೂವು ಹೂವೇ.

ಈ ಹೂವನ್ನು ಅವನು ಮುಂಚೆಯೇ ನೋಡಿದ್ದ.

ಎಪ್ಪತ್ತನಾಲ್ಕರ ಜೂನ್ ತಿಂಗಳು, ಊಟದ ಸಾಲೆಯಲ್ಲಿ ಕೆಲಸ ಹಿಡಿದ ಮೂರನೇ ದಿನ. ಸುಣ್ಣದ ಪದರ ಉದುರಿದಾಗ ಕೆಂಪು ಗೆರೆ, ಗೆರೆಯ ನಡುವೆ ಇಂಥದೇ ಹೂವು. ಅವನು ಸುತ್ತಿಗೆ ಕೆಳಗಿಳಿಸಿ ಒಂದು ಸಿಗರೇಟು ಸೇದಿ ಮುಗಿಸುವಷ್ಟು ಹೊತ್ತು ನಿಂತಿದ್ದ. ಹೇಳಿದರೆ ಬೆಸಾನ್ಸೊಂ ಪೇಟೆಯಿಂದ ಪುರಾತತ್ವದ ಕನ್ನಡಕದವರು ಬರುತ್ತಾರೆ, ಕೆಲಸ ನಿಲ್ಲಿಸುತ್ತಾರೆ, ಮೊದಲ ಕೆಲಸವೇ ಕೈಬಿಟ್ಟುಹೋಗುತ್ತದೆ. ಸೆಪ್ಟೆಂಬರಿಗೆ ಸೊಲಾಂಜ್ ಜೊತೆ ಮದುವೆ ಗೊತ್ತಾಗಿದೆ. ಸಿಗರೇಟು ಮುಗಿಯಿತು. ಸುತ್ತಿಗೆ ಎತ್ತಿದ. ಹತ್ತೊಂಬತ್ತು ದಿನದಲ್ಲಿ ಇಡೀ ಸಾಲೆ ಬರಿಗಲ್ಲಾಯಿತು.

ಎರಡು ವರ್ಷದ ಮೇಲೆ ಪುಸ್ತಕ ಬರೆಯುವ ಒಬ್ಬ ಹೆಂಗಸು ಟಿಪ್ಪಣಿ ಪುಸ್ತಕ ಹಿಡಿದು ಬಂದು ಕೇಳಿದಳು, ಗಾರೆಯ ಕೆಳಗೆ ಬಣ್ಣ ಏನಾದರೂ ಇತ್ತೇ ಎಂದು. "ಏನೂ ಇರಲಿಲ್ಲ ಮದಾಂ. ಬರೀ ಕೊಳೆ." ಅಷ್ಟೇ. ಐದು ಮಾತು. ಅದು ಅವಳ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಮೇಷ್ಟ್ರ ನಾಲ್ಕನೇ ಪುಟಕ್ಕೆ ಬಂತು. ಈಗ ಅದೇ ಮಾತನ್ನು ನಂಬಿಕೊಂಡು ಮೂವತ್ತು ಜನ ಶನಿವಾರ ಸುತ್ತಿಗೆ ಹಿಡಿದು ಬರುತ್ತಿದ್ದಾರೆ. ತಾನು ಬಾಯಿಬಿಟ್ಟರೆ ಐವತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಈ ಗೋಡೆ ಮಣ್ಣುಪಾಲು. ಆನ್ಸೆಲ್ಮ ಅಲ್ಲೇ ಧೂಳಿನ ಮೇಲೆ ಕೂತುಬಿಟ್ಟ.

ಮನುಷ್ಯ ನೇರ ದಾರಿ ಹಿಡಿಯುವ ಮುಂಚೆ ಸಿಕ್ಕ ಸಂದಿಗೊಂದಿಯಲ್ಲೆಲ್ಲ ಒಂದು ಸಲ ಇಣುಕುತ್ತಾನೆ. ಆನ್ಸೆಲ್ಮ ಕೆಳಗಿಳಿದಾಗ ಮೇಷ್ಟ್ರು ಅಂಗಳದ ಪಡಸಾಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದರು.

"ಮೇಷ್ಟ್ರೇ, ಆ ಗಾರೆ ಬಹಳ ಗಟ್ಟಿ ಇದೆ. ಜನಕ್ಕೆ ಕೈ ಬೊಬ್ಬೆ ಬರತ್ತೆ."

"ಬರಲಿ ಬಿಡಿ, ಒಂದು ದಿನ ಕಷ್ಟಪಡಲಿ. ಅಮ್ಮಂದಿರು ಪಡಲಿಲ್ವಾ?"

"ಮೊದಲು ದನದ ಕೊಟ್ಟಿಗೆ ಗೋಡೆ ಮುಗಿಸಿ, ಆಮೇಲೆ..."

"ಕೊಟ್ಟಿಗೆ ಯಾರು ನೋಡ್ತಾರ್ರೀ?"

"ಹೋದ ವಾರದ ಮಳೆಗೆ ಕಲ್ಲು ನೀರು ಕುಡಿದಿದೆ. ಒಣಗಲಿ. ಬರೋ ವರ್ಷ ಮಾಡಿದ್ರಾಯ್ತು."

ಮೇಷ್ಟ್ರು ಕುರ್ಚಿ ಕೆಳಗಿಟ್ಟು ಅವನ ಮುಖ ನೋಡಿದರು. "ಏನಾಗಿದೆ ನಿಮಗೆ? ಹೆದರಿಕೆನಾ? ನಲವತ್ತು ವರ್ಷ ಗಾರೆ ಕಿತ್ತವರು ಫೋಟೋಗೆ ಹೆದರ್ತೀರಾ?" ಎಂದು ಬೆನ್ನಿಗೆ ಒಂದು ತಟ್ಟಿ ನಕ್ಕರು. ಆನ್ಸೆಲ್ಮನೂ ನಕ್ಕ. ಆ ನಗು ಮುಖದಿಂದ ಇಳಿಯದೆ ಮನೆಯವರೆಗೂ ಬಂತು.

ಸೊಲಾಂಜ್ ಆಲೂಗಡ್ಡೆ, ಹೊಗೆಯಾಡಿಸಿದ ಸಾಸೇಜು ಬಡಿಸಿಟ್ಟು ಕಾಯುತ್ತಿದ್ದಳು. ಅವನು ಸಾಸೇಜನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ತಳ್ಳಿದ.

"ಏನು, ಅದಕ್ಕೆ ಊರು ತೋರಿಸ್ತಿದೀಯಾ?" ಎಂದಳು. "ತಿನ್ನು."

"ಹಸಿವಿಲ್ಲ."

"ನಿನಗೆ ಹಸಿವಿಲ್ವಾ! ಡಾಕ್ಟರನ್ನ ಕರೀಲಾ, ಪಾದ್ರಿನ ಕರೀಲಾ?"

ಆಗ ಹೇಳಿದ. ಎಲ್ಲವನ್ನೂ, ತಟ್ಟೆ ನೋಡಿಕೊಂಡೇ. ಮಹಡಿಯ ಹೂವಿನಿಂದ ಶುರುಮಾಡಿ ಎಪ್ಪತ್ತನಾಲ್ಕರ ಸಿಗರೇಟಿಗೆ ಬಂದು ನಿಲ್ಲಿಸಿದ. ಸೊಲಾಂಜ್ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದ. ಅವಳು ರೊಟ್ಟಿ ಮುರಿದು ತಟ್ಟೆ ಒರೆಸಿ ಬಾಯಿಗೆ ಹಾಕಿಕೊಂಡಳು.

"ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಆ ತಿಂಗಳು ನಿಮ್ಮಮ್ಮನಿಗೆ ಕೈ ಸುಟ್ಟಿತ್ತು, ನೆನಪಿದೆಯಾ? ನಿನ್ನ ಕೆಲಸದ ಅಂಗಿ ನಾನು ಒಗೀತಿದ್ದೆ. ಮೂರನೇ ದಿನದಿಂದ ನೀರು ಕೆಂಪಗೆ ಬರ್ತಿತ್ತು. ಕೇಳಿದೆ. ಇಟ್ಟಿಗೆ ಪುಡಿ ಅಂದೆ ನೀನು. ಅಮ್ಮಂದಿರ ಮಠದಲ್ಲಿ ಇಟ್ಟಿಗೆ ಎಲ್ಲಿಂದ ಬರಬೇಕು? ನಾನೇನು ದಡ್ಡಿನಾ?"

"ಮತ್ತೆ ಯಾಕೆ ಸುಮ್ನಿದ್ದೆ?"

"ಮದುವೆ ಆಗಬೇಕಿತ್ತಲ್ಲ, ಅದಕ್ಕೆ!" ಎಂದು ರೇಗಿದಳು. ಆಮೇಲೆ ದನಿ ತಗ್ಗಿಸಿದಳು. "ಮಗಳ ಮದುವೆ ಊಟ ಆ ಸಾಲೆಯಲ್ಲೇ ಆಯ್ತು. ಎಲ್ಲರೂ ಗೋಡೆ ಹೊಗಳ್ತಿದ್ರು, ನೀನು ಗೋಡೆಗೆ ಬೆನ್ನು ಮಾಡಿ ಕೂತಿದ್ದೆ. ಕುಣಿಯೋಕೆ ಕರೆದ್ರೂ ತಿರುಗಲಿಲ್ಲ. ಅವತ್ತೇ ಅಂದ್ಕೊಂಡೆ, ಇವನು ಇದನ್ನ ಹೊತ್ಕೊಂಡೇ ಸಾಯ್ತಾನೆ ಅಂತ. ಅದೇ ಭಯ ಇತ್ತು ನನಗೆ."

"ಈಗೇನು ಮಾಡಲಿ?"

"ನನ್ನ ಕೇಳ್ತೀಯಾ? ಶನಿವಾರ ಸುತ್ತಿಗೆ ಎತ್ತಿದ್ರೆ ನಿನ್ನ ಅಂಗಿ ನೀನೇ ಒಗ್ಕೋ."

ಶನಿವಾರ ಬೆಳಗ್ಗೆ ಮಲಗುವ ಸಾಲೆ ತುಂಬಿಹೋಗಿತ್ತು. ಕಾಫಿ, ಅದಕ್ಕೆ ಒಂದೊಂದು ತೊಟ್ಟು ಪ್ಲಮ್ ಸಾರಾಯಿ. ಎಲ್ಲರ ಕೈಯಲ್ಲೂ ಸುತ್ತಿಗೆ, ಕೆಲವರ ಕಣ್ಣಿಗೆ ಈಜುವ ಕನ್ನಡಕ. ಮೇಯರಮ್ಮ ಹೆಗಲಿಗೆ ಅಧಿಕಾರದ ಪಟ್ಟಿ ಹಾಕಿಕೊಂಡು ಬಂದಿದ್ದಳು. ಮೇಷ್ಟ್ರು ನಾಲ್ಕನೇ ಪುಟವನ್ನು ನೋಡದೇ ಒಪ್ಪಿಸಿದರು, ಜನ ಚಪ್ಪಾಳೆ ತಟ್ಟಿದರು. ಆನ್ಸೆಲ್ಮನ ಕೈಗೆ ಸುತ್ತಿಗೆ ಬಂತು. ಯಾರೋ ಅದಕ್ಕೆ ರಿಬ್ಬನ್ ಬೇರೆ ಕಟ್ಟಿದ್ದರು.

"ಹೊಡೀರಿ!" ಎಂದಳು ಮೇಯರಮ್ಮ ಫೋನು ಎತ್ತಿ ಹಿಡಿದು.

ಆನ್ಸೆಲ್ಮ ಬಗ್ಗಿ ಸುತ್ತಿಗೆಯನ್ನು ನೆಲಕ್ಕಿಟ್ಟ. ಬಗ್ಗಿದವನು ಏಳಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಹೊಡೆಯಲ್ಲ. ನೀವೂ ಯಾರೂ ಹೊಡೀಬೇಡಿ," ಎಂದ. "ಇದರ ಕೆಳಗೆ ಬಣ್ಣ ಇದೆ. ಅಮ್ಮಂದಿರು ಕೈಯಾರೆ ಬರೆದದ್ದು. ಕೆಳಗೆ ಊಟದ ಸಾಲೆಯಲ್ಲೂ ಇತ್ತು. ಗೋಡೆ ತುಂಬಾ ಇತ್ತು. ನಾನು ನೋಡ್ದೆ. ನೋಡಿ, ಗೊತ್ತಿದ್ದೂ ಕಿತ್ತು ಹಾಕ್ದೆ. ಏನೂ ಇರಲಿಲ್ಲ ಅಂತ ಸುಳ್ಳು ಹೇಳ್ದೆ."

ಒಂದು ಕಾಫಿ ಲೋಟ ಎಲ್ಲೋ ಟಣ್ ಎಂದಿತು.

"ಇದೇನು ತಮಾಷೆ?" ಎಂದರು ಮೇಷ್ಟ್ರು.

"ತಮಾಷೆ ಅಲ್ಲ ಮೇಷ್ಟ್ರೇ. ನಿಮ್ಮ ನಾಲ್ಕನೇ ಪುಟ ತಪ್ಪು. ತಪ್ಪು ನಿಮ್ಮದಲ್ಲ, ನಂದು."

ಮೇಷ್ಟ್ರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ಇಪ್ಪತ್ತೆರಡು ವರ್ಷ! ವಾರಕ್ಕೆ ಎರಡು ಸಲ ಜನರನ್ನ ನಿಲ್ಲಿಸಿಕೊಂಡು ನಿನ್ನ ಮಾತು ಹೇಳಿದೀನಿ. ಶಾಲೆ ಮಕ್ಕಳಿಗೆ ಹೇಳಿದೀನಿ. ಭಾನುವಾರ ಭಾನುವಾರ ನನ್ನ ಎದುರಿಗೆ ಕೂತು ಎಲೆ ಹಾಕ್ತಿದ್ದೆ ನೀನು, ಒಂದು ಸಲಾನೂ ಬಾಯಿಬಿಡಬೇಕು ಅನ್ನಿಸಲಿಲ್ವಾ?" ಮೂವತ್ತು ವರ್ಷದಲ್ಲಿ ಬಾರದ "ನೀನು" ಅವತ್ತು ಬಂತು. ಬಂದದ್ದು ಮೇಷ್ಟ್ರಿಗೆ ಗೊತ್ತೂ ಆಗಲಿಲ್ಲ.

"ಹಾಗಾದ್ರೆ ನಮ್ಮ ಊಟದ ಸಾಲೆ ಅಂದ್ರೆ ಚರ್ಮ ಸುಲಿದ ಮೊಲ ಅನ್ನು," ಎಂದ ಹಿಂದಿನಿಂದ ಯಾರೋ. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ.

"ಹೌದು," ಎಂದ ಆನ್ಸೆಲ್ಮ. "ಸುಲಿದವನು ನಾನು."

ಮೇಯರಮ್ಮ ಫೋನು ಜೇಬಿಗೆ ಹಾಕಿ, ಎಲ್ಲಿ ತೋರಿಸಿ ಎಂದಳು. ಆನ್ಸೆಲ್ಮ ಮೂಲೆಗೆ ಕರೆದುಕೊಂಡು ಹೋದ. ಅವಳು ಬಗ್ಗಿ ನೋಡಿದಳು, ಕುಕ್ಕರಗಾಲಲ್ಲಿ ಕೂತು ನೋಡಿದಳು. ಇಷ್ಟು ಕೆಳಗೆ ಯಾಕೆ ಬರೆದರೋ ಎಂದಳು. "ಇದು ಮಲಗೋ ಜಾಗ. ಮಲಗಿದವಳಿಗೆ ಕಾಣಲಿ ಅಂತ," ಎಂದ ಆನ್ಸೆಲ್ಮ. ಮೇಯರಮ್ಮ ಹಿಂದೆಮುಂದೆ ನೋಡದೆ, ಪಟ್ಟಿ ಗಿಟ್ಟಿ ಸಮೇತ, ನೂರೈವತ್ತು ವರ್ಷದ ಹುಲ್ಲಿನ ಧೂಳಿನಲ್ಲಿ ಉದ್ದಕ್ಕೆ ಮಲಗಿ ಗೋಡೆಯ ಕಡೆ ಹೊರಳಿದಳು.

"ಅಯ್ಯೋ," ಎಂದಳು ಕೊನೆಗೆ. "ಇದು ಅವಳೊಬ್ಬಳದೇ ಹೂವು."

ಆಮೇಲೆ ಒಬ್ಬೊಬ್ಬರಾಗಿ ಮಲಗಿದರು. ಚೀಸು ಮಾಡುವವರು, ಅಂಚೆಯವರು, ಬೇಕರಿಯ ದಪ್ಪ ಹೆಂಗಸು, ಎಲ್ಲರೂ ಸುತ್ತಿಗೆ ಪಕ್ಕಕ್ಕಿಟ್ಟು, ಸರದಿಯಲ್ಲಿ. ಎದ್ದವರು ಬಟ್ಟೆ ಕೊಡವಿಕೊಳ್ಳುವುದನ್ನೂ ಮರೆತು ನಿಂತಿದ್ದರು. ಒಬ್ಬ ಮುದುಕ ಗೆರೆಯೊಂದು ನಡುವೆ ತೆಳ್ಳಗಾಗಿ ಮತ್ತೆ ದಪ್ಪವಾದದ್ದನ್ನು ತೋರಿಸಿ, "ಇಲ್ಲಿ ಕುಂಚ ಅದ್ದಿಕೊಂಡಿದಾಳೆ ನೋಡಿ," ಎಂದ, ಆ ಹೆಂಗಸು ಈಗತಾನೆ ಕೆಳಗಿಳಿದು ಹೋದವಳ ಹಾಗೆ. ಮೇಷ್ಟ್ರು ಮಾತ್ರ ಮಲಗಲಿಲ್ಲ. ಯಾವಾಗ ಹೊರಗೆ ಹೋದರೋ ಯಾರೂ ನೋಡಲಿಲ್ಲ.

ಮಧ್ಯಾಹ್ನ ಜನ ಕರಗಿದ ಮೇಲೆ ಆನ್ಸೆಲ್ಮ ಕೆಳಗಿಳಿದು ಬಂದ. ಊಟದ ಸಾಲೆಯ ಬಾಗಿಲು ತೆರೆದಿತ್ತು. ಮೇಷ್ಟ್ರು ಬೆಂಚಿನ ಮೇಲೆ ಕೂತು ಬರಿಗಲ್ಲನ್ನು ನೋಡುತ್ತಿದ್ದರು. ತೊಡೆಯ ಮೇಲೆ ಸೀಮೆಸುಣ್ಣದ ಡಬ್ಬ, ಪಕ್ಕದಲ್ಲಿ ಒಂದು ಏಣಿ. ಆನ್ಸೆಲ್ಮನಿಗೆ ಓಡಿಹೋಗಬೇಕೆನ್ನಿಸಿತು. ಓಡಲಿಲ್ಲ.

"ಎಲ್ಲಿತ್ತು?" ಎಂದರು ಮೇಷ್ಟ್ರು, ತಿರುಗದೆ.

"ಏನು?"

"ಹೂವು. ಎಲ್ಲೆಲ್ಲಿತ್ತು ತೋರಿಸಿ. ನೆನಪಿದ್ರೆ."

ಆನ್ಸೆಲ್ಮ ಗೋಡೆಯ ಹತ್ತಿರ ಹೋಗಿ ಮೊದಲ ಕಿಟಕಿಯ ಪಕ್ಕ ಅ‍ಂಗೈ ಇಟ್ಟ. "ಇಲ್ಲಿ. ಐದು ಎಸಳು." ಮೇಷ್ಟ್ರು ಎದ್ದು ಬಂದು ಕೈ ಇದ್ದ ಕಡೆ ಸೀಮೆಸುಣ್ಣದಿಂದ ಒಂದು ಸುತ್ತು ಎಳೆದರು. "ಇಲ್ಲಿ ಒಂದು. ಇಲ್ಲಿ ಆರು ಎಸಳು. ಇದನ್ನ ಬರೆದವಳಿಗೆ ಎಣಿಸೋಕೆ ಬರ್ತಿರಲಿಲ್ಲ, ಇಲ್ಲಾ ಬಹಳ ಹಟಮಾರಿ." ಮೇಷ್ಟ್ರ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. "ಇಲ್ಲಿ ಗೆರೆ ಸೊಟ್ಟ, ಪಕ್ಕದಲ್ಲೇ ತಿದ್ದಿ ಇನ್ನೊಂದು ಎಳೆದಿದ್ಲು, ಮೊದಲಿನದನ್ನ ಅಳಿಸಿರಲಿಲ್ಲ. ಇಲ್ಲಿ ಗಾರೆ ಹಸಿ ಇದ್ದಾಗ ಯಾರೋ ಹೆಬ್ಬೆರಳು ಒತ್ತಿದ್ರು. ಚಿಕ್ಕ ಬೆರಳು. ನನ್ನ ಬೆರಳು ಇಟ್ಟು ನೋಡಿದೆ, ಅರ್ಧಕ್ಕೂ ಸಾಲಲಿಲ್ಲ ಅದು. ಈ ಗಾರೆ ಎಂಥದ್ದು ಅಂತೀರಾ! ಮೂರು ಏಟು ಕೊಟ್ರೂ ಬಿಡ್ತಿರಲಿಲ್ಲ. ನನ್ನ ಮಣಿಕಟ್ಟು ಇವತ್ತಿಗೂ ನೋಯೋದು ಅದರಿಂದಲೇ. ಅಂಥ ಗಾರೆ ಹಚ್ಚೋಕೆ ನನಗೆ ಜನ್ಮದಲ್ಲಿ ಬರಲಿಲ್ಲ ಮೇಷ್ಟ್ರೇ. ಬೆಳಗ್ಗೆ ಕೆಡವಿ, ಮಧ್ಯಾಹ್ನ ಆ ತುಂಡುಗಳನ್ನ ಕೈಲಿ ಹಿಡ್ಕೊಂಡು ನೋಡ್ತಿದ್ದೆ, ಹೇಗೆ ಮಾಡಿದ್ರು ಅಂತ."

ಕಿಟಕಿ ಕಿಟಕಿ ದಾಟಿ ಹೋದರು. ಕೆಲವು ಕಡೆ ಮೇಷ್ಟ್ರು ಏಣಿ ಹತ್ತಿದರು, ಆನ್ಸೆಲ್ಮ ಕೆಳಗೆ ಹಿಡಿದುಕೊಂಡ. ಬಿಸಿಲು ಒಂದು ಗೋಡೆ ಬಿಟ್ಟು ಇನ್ನೊಂದು ಗೋಡೆಗೆ ಬಂತು. ಜೇನುಬಣ್ಣದ ಕಲ್ಲಿನ ಮೇಲೆ ಬಿಳಿ ಸುತ್ತುಗಳು ಇಪ್ಪತ್ತಾದವು, ಇಪ್ಪತ್ತೇಳಾದವು.

"ಎಲ್ಲಾ ನೆನಪಿದೆಯೇನ್ರೀ ನಿಮಗೆ?" ಎಂದರು ಮೇಷ್ಟ್ರು. ದನಿಯಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ.

"ಒಂದೊಂದೂ."

ಕೊನೆಗೆ ಪೂರ್ವದ ಗೋಡೆಗೆ ಬಂದರು. ಮಠದ ಹಿರಿಯಮ್ಮ ಊಟಕ್ಕೆ ಕೂರುತ್ತಿದ್ದ ಜಾಗ ಅದು, ಕಮಾನಿನ ಕೆಳಗೆ ಆಳೆತ್ತರದ ಬರಿಗಲ್ಲು. ಮೇಷ್ಟ್ರು ಸೀಮೆಸುಣ್ಣ ಎತ್ತಿ ಹಿಡಿದು ಕಾದರು. ಆನ್ಸೆಲ್ಮ ಕೈ ಚಾಚಲಿಲ್ಲ.

"ಇಲ್ಲಿ ಇರಲಿಲ್ವಾ?"

"ಇತ್ತು."

"ಏನಿತ್ತು? ಹೂವಾ?"

"ಹೂವಲ್ಲ. ದೊಡ್ಡದು." ಆನ್ಸೆಲ್ಮ ಗೋಡೆಯನ್ನು ನೋಡುತ್ತಿದ್ದ, ಕಣ್ಣು ಪೂರ್ತಿ ತುಂಬಿತ್ತು. "ಸುಣ್ಣ ಒಂದು ಅಂಗೈಯಷ್ಟು ಉದುರಿದಾಗ ನೀಲಿ ಕಂಡಿತು. ಇಡೀ ಮಠದಲ್ಲಿ ನಾನು ನೋಡಿದ ಒಂದೇ ನೀಲಿ. ಇನ್ನೊಂದು ಅಂಗೈ ತೆಗೆದ್ರೆ ಏನು ಅಂತ ಗೊತ್ತಾಗ್ತಿತ್ತು. ಗೊತ್ತಾದ್ರೆ ನನ್ನ ಕೈಲಿ ಹೊಡೆಯೋಕೆ ಆಗಲ್ಲ ಅಂತ ತಿಳೀತು ಮೇಷ್ಟ್ರೇ. ಕಣ್ಣು ಮುಚ್ಕೊಂಡು ಹೊಡೆದೆ. ಉದುರಿ ಮುಗಿಯೋವರೆಗೂ ತೆಗೀಲಿಲ್ಲ."

ಮೇಷ್ಟ್ರು ಸೀಮೆಸುಣ್ಣವನ್ನು ಆ ಗೋಡೆಗೆ ತಾಗಿಸಲಿಲ್ಲ.